ಹದಿನೇಳನೆಯ ಟ್ರೇಯ ಕಪ್ಪೆ

ಹಂಪಿಯ ಅರಸರಿಗೆ ಬಿರುದುಗಳೆಂದರೆ ಬಲು ಪ್ರೀತಿ. ಅವರ ಶಾಸನವೊಂದನ್ನು ಓದಲು ಕೂತರೆ, ಯಾರಿಗೆ ಯಾವ ಹೊಲ ದಾನ ಕೊಟ್ಟರು ಎಂಬ ವಿಷಯಕ್ಕೆ ಬರುವಷ್ಟರಲ್ಲಿ ಊಟದ ಹೊತ್ತು ಮೀರಿರುತ್ತದೆ. ಅಲ್ಲಿಯತನಕ ಬರೀ ಬಿರುದು. ಅವುಗಳಲ್ಲಿ ಒಂದು, ‘ಭಾಷೆಗೆ ತಪ್ಪುವ ರಾಯರ ಗಂಡ’. ಕೊಟ್ಟ ಮಾತಿಗೆ ತಪ್ಪುವ ದೊರೆಗಳನ್ನು ಮಟ್ಟ ಹಾಕುವವನು ಎಂದರ್ಥ.

ಹೊಸಪೇಟೆಯ ಗಾದಿಲಿಂಗನಿಗೆ ಯಾರೂ ಕಲ್ಲಿನ ಮೇಲೆ ಬಿರುದು ಕೆತ್ತಿಸಲಿಲ್ಲ. ಕೆತ್ತಿಸುವುದಾಗಿದ್ದರೆ ‘ಕಪ್ಪೆರಾಯರ ಗಂಡ’ ಎಂದೇ ಆರಂಭಿಸಬೇಕಾಗುತ್ತಿತ್ತು. ಆತ ಊರಿನ ಒಂದು ಕಾಲೇಜಿನ ಪ್ರಾಣಿಶಾಸ್ತ್ರ ಪ್ರಯೋಗಾಲಯದ ಅಟೆಂಡರ್. ಇಪ್ಪತ್ತೆಂಟು ವರ್ಷ ಕಾಲ ಬಿ.ಎಸ್ಸಿ. ಮಕ್ಕಳ ಕತ್ತರಿಗೆ ಕಪ್ಪೆ ಒದಗಿಸಿದ ಮಹಾನುಭಾವ. ಗೋಣಿಚೀಲ ಹೆಗಲಿಗೆ ಹಾಕಿ, ಪ್ಯಾಂಟು ಮೊಣಕಾಲಿಗೆ ಮಡಚಿ, ಕಾಲುವೆಯ ಮಗ್ಗುಲಿಗಿದ್ದ ಕಂಪ್ಲಿಯ ಭತ್ತದ ಗದ್ದೆಗಳ ಮೇಲೆ ಆತ ದಂಡೆತ್ತಿ ಹೋದನೆಂದರೆ ಕಪ್ಪೆ ಸಾಮ್ರಾಜ್ಯದಲ್ಲಿ ಹಾಹಾಕಾರವೇಳುತ್ತಿತ್ತು. ಆನೆ, ಕುದುರೆ, ಕಾಲಾಳುಗಳಿಲ್ಲದ ದಂಡು. ಇದ್ದದ್ದು ಒಂದು ಬಲೆ, ಒಂದು ಚೀಲ, ಎರಡು ಬುತ್ತಿರೊಟ್ಟಿ.

ಆದರೆ ಹಿಡಿಯುವುದು ದೊಡ್ಡ ವಿದ್ಯೆಯಲ್ಲ. ಗಾದಿಲಿಂಗನ ಕೀರ್ತಿ ಇದ್ದದ್ದು ಗಂಡು ಹೆಣ್ಣು ಬೇರ್ಪಡಿಸುವುದರಲ್ಲಿ. ಪರೀಕ್ಷೆಯಲ್ಲಿ ಒಬ್ಬರಿಗೆ ಗಂಡು ಕಪ್ಪೆಯ ಜನನಾಂಗ ಬಿಡಿಸಿ ತೋರಿಸುವ ಚೀಟಿ ಬಂದರೆ ಇನ್ನೊಬ್ಬರಿಗೆ ಹೆಣ್ಣು ಕಪ್ಪೆಯದು ಬರುತ್ತಿತ್ತು. ಚೀಟಿ ನೋಡಿ ಅದಕ್ಕೆ ತಕ್ಕ ಕಪ್ಪೆಯನ್ನು ಟ್ರೇಯಲ್ಲಿಟ್ಟು ಕೊಡಬೇಕಾದವನು ಅಟೆಂಡರ್. ಗಂಡಾದರೆ ಗಂಟಲಿನ ಎರಡೂ ಬದಿ ಸುಕ್ಕುಗಟ್ಟಿದ ಕಪ್ಪು ಚರ್ಮ ಇರುತ್ತದೆ; ಕೂಗುವಾಗ ಉಬ್ಬುವ ಚೀಲ ಅದು. ಮುಂಗಾಲಿನ ಹೆಬ್ಬೆರಳ ಬುಡದಲ್ಲಿ ಒಂದು ಗಡಸು ಉಬ್ಬು. ಮಳೆಗಾಲದಲ್ಲಿ ಇದನ್ನು ಯಾರು ಬೇಕಾದರೂ ಕಾಣಬಹುದು. ಪರೀಕ್ಷೆ ಬರುವುದು ಏಪ್ರಿಲ್‌ನಲ್ಲಿ. ಆಗ ಉಬ್ಬು ಇಳಿದು, ಚರ್ಮ ಮಂಕಾಗಿರುತ್ತದೆ. ಆಗಲೂ ಗಾದಿಲಿಂಗ ಕಪ್ಪೆಯ ಬೆರಳನ್ನು ತನ್ನ ಬೆರಳಿನಿಂದ ಒಮ್ಮೆ ಸವರಿ, “ಗಂಡು,” “ಹೆಣ್ಣು,” “ಹೆಣ್ಣು,” “ಗಂಡು” ಎಂದು ಎರಡು ಬಕೆಟ್‌ಗಳಿಗೆ ಎಸೆಯುತ್ತ ಹೋಗುತ್ತಿದ್ದ. ತಾಸಿಗೆ ಎಂಬತ್ತು ಕಪ್ಪೆ. ಪ್ರೊಫೆಸರುಗಳು ಪುಸ್ತಕ ತಿರುವುವಷ್ಟರಲ್ಲಿ ಬಕೆಟ್ ತುಂಬಿರುತ್ತಿತ್ತು.

“ನಾ ಗಂಡಂದ್ರ ಗಂಡು. ಹೊಟ್ಟಿ ಕೊಯ್ದು ನೋಡ್ರಿ ಬೇಕಾದ್ರ,” ಎನ್ನುತ್ತಿದ್ದ. ಕೊಯ್ದು ನೋಡುವುದೇ ಅಲ್ಲಿ ಎಲ್ಲರ ಕಸುಬಾದ್ದರಿಂದ ಈ ಸವಾಲು ದಿನಾ ಪರೀಕ್ಷೆಗೊಳಗಾಗಿ ದಿನಾ ಗೆಲ್ಲುತ್ತಿತ್ತು.

ಹನ್ನೊಂದು ವರ್ಷ ಹೀಗೆ ನಡೆಯಿತು. ಆಮೇಲೆ ಬಂತು ೧೯೯೬ರ ಏಪ್ರಿಲ್.

ಅವತ್ತು ಕರೆಂಟ್ ಹೋಗಿತ್ತು. ಫ್ಯಾನಿಲ್ಲದ ಕೋಣೆಯಲ್ಲಿ ಫಾರ್ಮಲಿನ್ ವಾಸನೆ, ಇಪ್ಪತ್ತನಾಲ್ಕು ಮಕ್ಕಳ ಬೆವರು, ಮತ್ತು ಸಂಜೆಯ ರೈಲಿಗೆ ಟಿಕೆಟ್ ಮಾಡಿಸಿಕೊಂಡು ಬಂದಿದ್ದ ಹೊರಗಿನ ಪರೀಕ್ಷಕರು. ಹದಿನೇಳನೆಯ ಟ್ರೇ ಸುಮಂಗಲಾ ಎಂಬ ಹುಡುಗಿಯದು. ಸಂಡೂರು ತಾಲ್ಲೂಕಿನ ಬಂಡ್ರಿಯಿಂದ ಬಸ್ಸಿಗೆ ಬರುತ್ತಿದ್ದವಳು. ಅಪ್ಪ ಗಣಿಯಲ್ಲಿ ಅದಿರು ತುಂಬುವ ಕೂಲಿ. ತರಗತಿಯಲ್ಲಿ ಅವಳ ಕೈಯಷ್ಟು ಹದವಾದ ಕೈ ಇನ್ನೊಂದಿರಲಿಲ್ಲ. ಕಪ್ಪೆಯ ನರವೊಂದನ್ನು ಬಿಡಿಸಿ ಎಳೆದಿಟ್ಟರೆ ಹೂಕಟ್ಟುವವರು ದಾರ ಎಳೆದಂತಿರುತ್ತಿತ್ತು. ಎಂ.ಎಸ್ಸಿ. ಸೀಟು ಅವಳಿಗೇ ಎಂದು ಎಲ್ಲರೂ ಮಾತಾಡಿಕೊಂಡಿದ್ದರು.

ಅವಳಿಗೆ ಬಂದ ಚೀಟಿ, ಗಂಡು ಕಪ್ಪೆ. ಗಾದಿಲಿಂಗ ಬೆರಳು ಸವರಿ, ಗಂಟಲು ಒತ್ತಿ, ಟ್ರೇಯಲ್ಲಿಟ್ಟ. ಅವಳು ಹೊಟ್ಟೆ ಬಿಡಿಸಿದಳು. ಒಂದು ಕಡೆ ಹಳದಿ ಬಣ್ಣದ, ಅವರೆಕಾಳಿನಂಥ ವೃಷಣ. ಇನ್ನೊಂದು ಕಡೆ ಅಂಥದೇ ಇನ್ನೊಂದಿರಬೇಕಾದಲ್ಲಿ ಅರ್ಧ ವೃಷಣ, ಅದಕ್ಕೆ ಅಂಟಿಕೊಂಡು ಕಪ್ಪು-ಬಿಳಿಯ ತತ್ತಿಗಳ ಗೊಂಚಲು. ಸುಮಂಗಲಾ ಸ್ವಲ್ಪ ಹೊತ್ತು ನೋಡಿದಳು. ಮತ್ತೆ ನೋಡಿದಳು. ಪೆನ್ಸಿಲ್ ಚೂಪು ಮಾಡಿಕೊಂಡು, ಏನು ಕಂಡಳೋ ಅದನ್ನೇ ಬರೆದಳು.

ಪರೀಕ್ಷಕರು ಬಂದು ಟ್ರೇಗೆ ಒಮ್ಮೆ ಬಗ್ಗಿ, ಹಾಳೆಗೆ ಒಮ್ಮೆ ಬಗ್ಗಿ, ಕನ್ನಡಕ ತೆಗೆದು ಬೆವರು ಒರೆಸಿಕೊಂಡರು.

“ತತ್ತಿ ಇರುವ ಕಪ್ಪೆಗೆ ವೃಷಣ ಎಲ್ಲಿಂದ ಬಂತು? ಇದು ಹೆಣ್ಣು. ಈ ಹಳದಿಯದು ಬರೀ ಕೊಬ್ಬು. ನೀನು ಪುಸ್ತಕ ಬಾಯಿಪಾಠ ಮಾಡಿ ಬರೆದಿದ್ದೀಯ.”

“ಸರ್, ಎರಡೂ ಅದಾವ್ರಿ ಒಳಗ. ಇಲ್ಲಿ ನೋಡ್ರಿ.”

“ಕಪ್ಪೆ ಕೊಟ್ಟವನು ಯಾರು?”

ಕೊಟ್ಟವನು ಬಕೆಟ್ ಹಿಡಿದು ಅಲ್ಲೇ ನಿಂತಿದ್ದ. “ಗಂಡು ಸರ್ ಅದು,” ಎಂದ. ಪರೀಕ್ಷಕರು ತತ್ತಿಯ ಕಡೆ ಕತ್ತರಿಯ ತುದಿ ತೋರಿಸಿದರು. ಹನ್ನೊಂದು ವರ್ಷದ ಮೇಲೆ ಮೊದಲ ಬಾರಿಗೆ ಹೊಟ್ಟೆ ಕೊಯ್ದದ್ದು ಗಾದಿಲಿಂಗನ ಮಾತಿಗೆ ಎದುರು ಸಾಕ್ಷಿ ನುಡಿದಿತ್ತು.

ಮರುದಿನ ಕಾಲೇಜಿನಿಂದ ನೋಟೀಸ್ ಬಂತು. ಗಾದಿಲಿಂಗ ಉತ್ತರ ಬರೆದ: “ಕಪ್ಪೆ ಗಂಡು. ಹೆಬ್ಬೆರಳು ನೋಡಿ ಕೊಟ್ಟಿರುತ್ತೇನೆ.” ಹೆಡ್‌ಕ್ಲಾರ್ಕು ಅದನ್ನು ಹರಿದು, ಇನ್ನೊಂದು ಹಾಳೆ ಮುಂದಿಟ್ಟ. “ಲೇ ಗಾದಿಲಿಂಗ, ನೀನಿನ್ನೂ ಹಂಗಾಮಿ. ಪರ್ಮನೆಂಟ್ ಮಾಡೋ ಫೈಲು ಟೇಬಲ್ ಮ್ಯಾಲೆ ಐತಿ. ‘ಗಡಿಬಿಡಿಯಲ್ಲಿ ತಪ್ಪಾಗಿ ಹೆಣ್ಣು ಕಪ್ಪೆ ಕೊಟ್ಟಿರುತ್ತೇನೆ, ಕ್ಷಮಿಸಬೇಕು’ ಅಂತ ಬರಿ. ಸತ್ತ ಕಪ್ಪಿಗೆ ಏನು ಬ್ಯಾಸರ ಆಗ್ತೈತೇನು?”

ಗಾದಿಲಿಂಗ ಬರೆದ. ಸಹಿ ಹಾಕಿದ. ಮೂರು ತಿಂಗಳಿಗೆ ಪರ್ಮನೆಂಟ್ ಆದ.

ಕಪ್ಪೆಗೆ ಬೇಸರವಾಗಲಿಲ್ಲ, ನಿಜ. ಆದರೆ ಆ ಸಹಿಯಿಂದ ಒಂದು ಲೆಕ್ಕಾಚಾರ ಪೂರ್ತಿಯಾಯಿತು: ಕೊಟ್ಟದ್ದು ಹೆಣ್ಣು ಕಪ್ಪೆ ಎಂದು ಕೊಟ್ಟವನೇ ಒಪ್ಪಿಕೊಂಡ ಮೇಲೆ, ವೃಷಣ ಬರೆದ ಹುಡುಗಿ ಕಾಣದ್ದನ್ನು ಬರೆದಳು ಎಂದಾಯಿತು. ಸುಮಂಗಲಾ ಪ್ರಾಕ್ಟಿಕಲ್‌ನಲ್ಲಿ ಫೇಲಾದಳು. ಅಕ್ಟೋಬರ್‌ನಲ್ಲಿ ಮತ್ತೆ ಕೂತು, ಪುಸ್ತಕದ ಕಪ್ಪೆಯನ್ನೇ ಬರೆದು ಪಾಸಾದಳು. ಅಷ್ಟರಲ್ಲಿ ಎಂ.ಎಸ್ಸಿ. ಸೀಟು ಇನ್ನೊಬ್ಬರದಾಗಿತ್ತು.

ಕಾಲೇಜಿನಲ್ಲಿ ಗಾದಿಲಿಂಗನಿಗೆ ಬಿರುದೊಂದು ಸಿಕ್ಕಿತು: ‘ಅದಲಿಬದಲಿ ಗಾದಿಲಿಂಗ’. ಅದು ಅವನಿಗೆ ಅಷ್ಟಾಗಿ ಚುಚ್ಚಲಿಲ್ಲ. ಚುಚ್ಚಿದ್ದು ತಾನು ಭಾಷೆಗೆ ತಪ್ಪಿದ್ದು. ಬೆರಳು ಗಂಡು ಎಂದಿತ್ತು. ಕೈ ಹೆಣ್ಣು ಎಂದು ಬರೆದಿತ್ತು. ಬೆರಳೂ ಕೈಯೂ ಅವನವೇ.

ಆ ಕಪ್ಪೆಯನ್ನು ಎಲ್ಲದರ ಜೊತೆ ಗುಂಡಿಗೆ ಸುರಿಯಬೇಕಿತ್ತು. ಗಾದಿಲಿಂಗ ಸುರಿಯಲಿಲ್ಲ. ಒಂದು ಖಾಲಿ ಹಾರ್ಲಿಕ್ಸ್ ಬಾಟಲಿಯಲ್ಲಿ ಫಾರ್ಮಲಿನ್ ತುಂಬಿ, ಅದರಲ್ಲಿ ಮುಳುಗಿಸಿ, ಮನೆಗೆ ತಂದು ಅಟ್ಟದ ಮೇಲಿಟ್ಟ. ಯಾರಿಗಾದರೂ ತೋರಿಸೋಣವೆಂದು. ಯಾರಿಗೆ ಎಂದು ತೋಚಲಿಲ್ಲ. ಹಾಗೇ ಇಪ್ಪತ್ತೊಂಬತ್ತು ವರ್ಷವಾಯಿತು.

ಹೆಂಡತಿ ಹೊಳೆಮ್ಮ ಆ ಬಾಟಲಿಯನ್ನು ‘ನನ್ನ ಸವತಿ’ ಎಂದು ಕರೆಯುತ್ತಿದ್ದಳು. ಎರಡು ವರ್ಷಕ್ಕೊಮ್ಮೆ ಗಂಡ ಅದರ ನೀರು ಬದಲಿಸುವಾಗ ಮನೆಯವರ ಕಣ್ಣೆಲ್ಲ ಉರಿಯುತ್ತಿತ್ತು. “ಸವತಿಗೆ ಎಣ್ಣಿ-ನೀರು ಆತೇನ್ರಿ? ನನಗ ಒಂದು ದಿನಾನೂ ಹಿಂಗ ಉಪಚಾರ ಮಾಡಿಲ್ಲ,” ಎನ್ನುತ್ತಿದ್ದಳು. ಒಮ್ಮೆ ಗಾದಿಲಿಂಗ, “ಅದು ಗಂಡು ಕಪ್ಪಿ,” ಎಂದ. ಹೊಳೆಮ್ಮ ಯೋಚಿಸಿ, “ಹಂಗಾದ್ರ ಸವತಿ ಅಲ್ಲ, ಮೈದುನ. ಮೊದಲು ನೀವು ಖಾತ್ರಿ ಮಾಡಿಕೊಳ್ರಿ, ಆಮ್ಯಾಲೆ ನಾ ಸಂಬಂಧದ ವರಸಿ ಹಚ್ತೀನಿ,” ಎಂದಳು.

ಸುಮಂಗಲಾ ಮದುವೆಯಾಗಿ ಕಡ್ಡಿರಾಂಪುರಕ್ಕೆ ಬಂದು, ಹಂಪಿ ರಸ್ತೆಯ ಪಕ್ಕದಲ್ಲಿ ಖಾನಾವಳಿ ತೆರೆದಿದ್ದಾಳೆಂದು ಗಾದಿಲಿಂಗನಿಗೆ ತಿಳಿದದ್ದು ಯಾರೋ ಹಳೆಯ ವಿದ್ಯಾರ್ಥಿಯಿಂದ. ಅಂದಿನಿಂದ ಹಂಪಿ ಬಸ್ಸಿನಲ್ಲಿ ಹೋಗುವಾಗಲೆಲ್ಲ ಕಡ್ಡಿರಾಂಪುರ ಬಂದ ಕೂಡಲೇ ಎದುರು ಬದಿಯ ಕಿಟಕಿಗೆ ಮುಖ ತಿರುಗಿಸಿ ಬಾಳೆತೋಟವನ್ನು ಮನಸ್ಸಿಟ್ಟು ನೋಡುತ್ತಿದ್ದ. ಆ ಒಂದು ತೋಟದ ಬಾಳೆಗಿಡಗಳನ್ನು ಅಷ್ಟು ಶ್ರದ್ಧೆಯಿಂದ ಅದರ ಮಾಲೀಕನೂ ನೋಡಿರಲಿಕ್ಕಿಲ್ಲ.

ಈ ನಡುವೆ ಕಾಲ ಬದಲಾಯಿತು. ಕಾಲೇಜುಗಳಲ್ಲಿ ಕಪ್ಪೆ ಕೊಯ್ಯುವುದೇ ನಿಂತಿತು. ಕಂಪ್ಯೂಟರಿನ ಪರದೆಯ ಮೇಲೆ ಕಪ್ಪೆಯ ಚಿತ್ರ ಬಂತು. ಅದನ್ನು ಎಷ್ಟು ಸಲ ಕೊಯ್ದರೂ ಮತ್ತೆ ಹೊಲಿದುಕೊಂಡು ಎದ್ದು ಕೂರುತ್ತಿತ್ತು. ಬಲೆ ಗೂಟಕ್ಕೇರಿತು. ಕಪ್ಪೆರಾಯರ ಗಂಡ ಮೈಕ್ರೋಸ್ಕೋಪಿನ ಧೂಳು ಒರೆಸುತ್ತ, ಹಾಜರಿ ಪುಸ್ತಕ ಹೊರುತ್ತ, ಅರವತ್ತು ತುಂಬಿ ನಿವೃತ್ತನಾದ.

ಹೋದ ವರ್ಷ ಜೂನ್ ಮೊದಲ ವಾರದಲ್ಲಿ ಮನೆಯ ಮುಂದೆ ಒಂದು ಸ್ಕೂಟಿ ನಿಂತಿತು. ಬಂದವಳು ಪೂಜಿತಾ, ಹೊಸಪೇಟೆಯ ಹುಡುಗಿಯೇ, ವಿಶ್ವವಿದ್ಯಾಲಯವೊಂದರಲ್ಲಿ ಕಪ್ಪೆಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದಾಳೆ.

“ಅಂಕಲ್, ಕಂಪ್ಲಿ ಕಡೆ ಗದ್ದೆ ಕಪ್ಪೆ ನಿಮ್ಮಷ್ಟು ಬಲ್ಲವರಿಲ್ಲ ಅಂತ ಹೇಳಿದ್ರು. ಗಂಡು ಹೆಣ್ಣು ಗುರುತು ಹಿಡಿದು ಕೊಡಬೇಕು. ಅರಣ್ಯ ಇಲಾಖೆ ಪರ್ಮಿಶನ್ ಐತಿ.”

“ಕೊಯ್ತೀರೇನ್ರಿ?”

“ಇಲ್ಲ ಇಲ್ಲ. ಬಾಯೊಳಗ ಹತ್ತಿ ಕಡ್ಡಿ ಆಡಿಸಿ, ಉಗುಳು ತಗೊಂಡು, ಬಿಟ್ಟುಬಿಡೋದು.”

“ಬಿಟ್ಟುಬಿಡೋದಾ,” ಎಂದ ಗಾದಿಲಿಂಗ. ಕೊಯ್ಯದೆ ಬಿಡುವ ಕಪ್ಪೆಗೆ ಗಂಡು ಹೆಣ್ಣು ಕಟ್ಟಿಕೊಂಡು ಏನಾಗಬೇಕು ಎಂಬುದು ಅವನಿಗೆ ಹೊಳೆಯಲಿಲ್ಲ. ಆದರೂ ಬಲೆ ಗೂಟದಿಂದ ಇಳಿಯಿತು.

ಮೊದಲ ದೊಡ್ಡ ಮಳೆ ಬಿದ್ದ ಮರುದಿನ ಬೆಳಿಗ್ಗೆ ಇಬ್ಬರೂ ಕಂಪ್ಲಿಯ ಗದ್ದೆಯ ಬದುವಿನ ಮೇಲಿದ್ದರು. ನೀರು ನಿಂತ ಗದ್ದೆಯಲ್ಲಿ ದೊಡ್ಡ ಕಪ್ಪೆಗಳ ಗಂಡುಗಳು ನಿಂಬೆಹಣ್ಣಿನಂತೆ ಹಳದಿಯಾಗಿ, ಗಂಟಲಿನ ಎರಡೂ ಬದಿ ನೀಲಿ ಚೀಲ ಉಬ್ಬಿಸಿ, ಹಗಲಲ್ಲೇ ಗದ್ದಲ ಎಬ್ಬಿಸಿದ್ದವು. ಗಾದಿಲಿಂಗ ಹಿಡಿಯುವುದು, ಬೆರಳು ಸವರುವುದು, ಹೇಳುವುದು; ಪೂಜಿತಾ ಹತ್ತಿ ಕಡ್ಡಿ ಆಡಿಸುವುದು, ಪುಟ್ಟ ಕೊಳವೆಯಲ್ಲಿ ಹಾಕುವುದು, ಹಾಳೆಯ ಮೇಲೆ ‘ಗಂಡು’ ಅಥವಾ ‘ಹೆಣ್ಣು’ ಎಂಬ ಕಾಲಂನಲ್ಲಿ ಗುರುತು ಮಾಡುವುದು. ಆಮೇಲೆ ಕಪ್ಪೆ ಅಂಗೈಯಿಂದ ನೀರಿಗೆ ಜಿಗಿಯುತ್ತಿತ್ತು. ಪ್ರತಿ ಜಿಗಿತಕ್ಕೂ ಗಾದಿಲಿಂಗನಿಗೆ ಒಂದು ಹಳೆಯ ತಪ್ಪು ಮಾಫಿಯಾದಂತೆ ಖುಷಿ. ಹತ್ತನೆಯ ಕಪ್ಪೆಯಾದ ಮೇಲೆ, “ಹೋಗಪಾ, ನಿಮ್ಮ ಮುತ್ಯಾನ್ನ ಕೇಳಿದೆ ಅಂತ ಹೇಳು,” ಎಂದು ಅಜ್ಜನ ಕ್ಷೇಮ ಕೇಳಿ ಬೀಳ್ಕೊಡಲು ಶುರು ಮಾಡಿದ.

ಬದುವಿನ ಮೇಲೆ ಬುತ್ತಿ ಬಿಚ್ಚಿದಾಗ ಆತ ಕೇಳಿಯೇಬಿಟ್ಟ. “ಪೂಜಿತಮ್ಮ, ನಾನು ಹೇಳಿದ ಮ್ಯಾಲೆ ಮತ್ತ ಉಗುಳ್ಯಾಕ?”

“ನೀವು ನೋಡೋದು ಮೈ. ನಾನು ನೋಡೋದು ಕ್ರೋಮೋಸೋಮು. ಎರಡೂ ಒಂದೇ ಮಾತು ಹೇಳ್ತಾವೇನು ಅಂತ ನೋಡಬೇಕು.” ಅವಳು ರೊಟ್ಟಿ ಮುರಿದಳು. “ಮನುಷ್ಯರೊಳಗ ಹೆಣ್ಣಿಗೆ ಎರಡು ಎಕ್ಸ್, ಗಂಡಿಗೆ ಒಂದು ಎಕ್ಸ್ ಒಂದು ವೈ. ಎಕ್ಸ್ ಉದ್ದ, ವೈ ಗಿಡ್ಡ. ನೋಡಿದ ಕೂಡ್ಲೆ ಗೊತ್ತಾಗ್ತೈತಿ. ಭಾಳಷ್ಟು ಕಪ್ಪೆಗಳೊಳಗ ಎರಡೂ ಅವಳಿ-ಜವಳಿ. ಮೈಕ್ರೋಸ್ಕೋಪಿಗೆ ಗುರುತು ಸಿಗಂಗಿಲ್ಲ.”

“ಮತ್ತ ನಮ್ದು ಯಾಕ ಗಿಡ್ಡ ಆತು?”

“ಕೋಟಿಗಟ್ಟಲೆ ವರ್ಷದಿಂದ ಅದೊಂದೇ ಗಂಡಿನ ಅಧಿಕಾರ ಹಿಡಕೊಂಡು ಕೂತೈತಿ. ಬ್ಯಾರೆ ಯಾರ ಜೊತೀಗೂ ಕೊಡ-ಕೊಳ್ಳೋದಿಲ್ಲ. ಕೂತಲ್ಲೇ ಸವೆದುಹೋತು.”

“ಹಳೇ ಗೌಡಕಿ ಮನಿ ಇದ್ದಂಗ. ಅಧಿಕಾರ ಐತಿ, ಹೊಲ ಇಲ್ಲ.”

ಪೂಜಿತಾ ನಕ್ಕಳು. “ಹಂಗಽ ಅನ್ರಿ. ಕಪ್ಪೆಗಳೊಳಗ ಆ ಅಧಿಕಾರ ಆಗಾಗ ಬ್ಯಾರೆ ಕ್ರೋಮೋಸೋಮಿಗೆ ಹೋಗ್ತೈತಿ. ಒಂದು ಜಾತಿಯೊಳಗ ಒಂದನೇದು, ಅದರ ದಾಯಾದಿ ಜಾತಿಯೊಳಗ ಐದನೇದು. ಹೊರದೇಶದಾಗ ಕೆರೆಗಪ್ಪೆಗಳ ಒಂದು ದೊಡ್ಡ ಕುಟುಂಬ ನೋಡಿದಾರ. ಹದಿಮೂರು ಜೋಡಿಯೊಳಗ ಐದು ಜೋಡಿ ಪಾಳಿ ಮ್ಯಾಲೆ ಕುರ್ಚಿ ಹಿಡದಾವ.”

“ಪಂಚಾಯ್ತಿ ಅಧ್ಯಕ್ಷರ ರೊಟೇಶನ್!” ಗಾದಿಲಿಂಗ ರೊಟ್ಟಿ ಕೆಳಗಿಟ್ಟ. “ಈ ಸಲ ಮಹಿಳಾ, ಮುಂದಿನ ಸಲ ಜನರಲ್. ಯಾರೂ ಭಾಳ ದಿನ ಕೂರಂಗಿಲ್ಲ, ಅದಕ್ಕ ಯಾರೂ ಸವೆಯಂಗಿಲ್ಲ. ಮಸ್ತ್ ಅದಾವ್ರಿ ಕಪ್ಪಿ. ನಾವು ಮೊನ್ನೆ ಮೊನ್ನೆ ಕಲ್ತಿದ್ದನ್ನ ಅವು ಯಾವಾಗೋ ಮಾಡ್ಯಾವ.”

“ಇನ್ನೊಂದು ಐತಿ. ಕೆಲವು ಸಲ ಮೈ ಒಂದು ಹೇಳ್ತೈತಿ, ಕ್ರೋಮೋಸೋಮು ಇನ್ನೊಂದು. ಗೊದಮೊಟ್ಟೆ ಇದ್ದಾಗ ನೀರು ಭಾಳ ಬಿಸಿಯಾದ್ರ ಕೆಲವು ಹೆಣ್ಣು ಗಂಡಾಗಿ ಬೆಳೀತಾವ. ವೈ ಇಟ್ಕೊಂಡೂ ಹೆಣ್ಣಾಗಿ ಬೆಳೆಯೋವೂ ಅದಾವ. ಅಂಥ ಹೆಣ್ಣಿನ ಮೈಯಾಗ ಎಕ್ಸ್-ವೈ ಎರಡೂ ಮತ್ತೆ ಕೂಡಿ, ತುಂಡು ಅದಲು ಬದಲು ಮಾಡ್ಕೊಂಡು, ಸವೆದಿದ್ದನ್ನ ರಿಪೇರಿ ಮಾಡ್ಕೊಂತಾವ. ಕಪ್ಪೆಯ ವೈ ಇನ್ನೂ ಹರೇದಾಗಿರೋಕೆ ಅದೂ ಒಂದು ಕಾರಣ ಇರಬೇಕು ಅಂತಾರ.”

ಅದಲು ಬದಲು ಎಂಬ ಮಾತು ಕಿವಿಗೆ ಬಿದ್ದದ್ದೇ ಗಾದಿಲಿಂಗನ ಮುಖ ಬದಲಾಯಿತು.

“ಒಂದು ಕೇಳ್ತೀನಿ. ಒಂದೇ ಕಪ್ಪಿ ಹೊಟ್ಟಿಯೊಳಗ ಎರಡೂ ಇರ್ತಾವೇನ್ರಿ? ತತ್ತೀನೂ, ಗಂಡಿಂದೂ?”

“ಅಪರೂಪ. ಅರ್ಧ ದಾರಿಯಾಗ ನಿಂತಂಥವು. ಆದ್ರ ಅದಾವ, ಪುಸ್ತಕದಾಗ ದಾಖಲಾಗ್ಯಾವ. ನಾನಂತೂ ಕಣ್ಣಾರೆ ನೋಡಿಲ್ಲ.”

“ನಮ್ಮ ಮನ್ಯಾಗ ಐತಿ,” ಎಂದ ಗಾದಿಲಿಂಗ.

ಪೂಜಿತಾ ಆ ದಿನವೇ ಬಾಟಲಿಯನ್ನು ಮಡಿಲ ಕೂಸಿನಂತೆ ಎತ್ತಿಕೊಂಡು ಹೋದಳು. ಹೋಗುವ ಮುನ್ನ ಇದ್ದದ್ದನ್ನು ಇದ್ದಂತೆ ಹೇಳಿದಳು: ಇಷ್ಟು ವರ್ಷ ಫಾರ್ಮಲಿನ್‌ನಲ್ಲಿದ್ದ ಕಪ್ಪೆಯ ಕ್ರೋಮೋಸೋಮು ಓದಲು ಬರುವುದು ಕಷ್ಟ, ಅದು ಚೂರು ಚೂರಾಗಿರುತ್ತದೆ, ಎಕ್ಸೋ ವೈಯೋ ಹೇಳುವ ಆಸೆ ಬಿಡಬೇಕು. ಆದರೆ ಆ ಹಳದಿ ಭಾಗ ವೃಷಣವೋ ಕೊಬ್ಬೋ ಎಂಬುದನ್ನು ತೆಳುವಾಗಿ ಹೆಚ್ಚಿ, ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ನೋಡಬಹುದು.

ಮೂರು ವಾರ ಗಾದಿಲಿಂಗನಿಗೆ ಅನ್ನ ಸೇರಲಿಲ್ಲ. ಹೊಳೆಮ್ಮ ಅಟ್ಟದ ಖಾಲಿ ಜಾಗ ನೋಡಿ, “ತವರಿಗೆ ಹೋದೋಳು ಯಾವಾಗ ಬರ್ತಾಳಂತ್ರಿ?” ಎಂದು ದಿನಾ ಕೇಳುತ್ತಿದ್ದಳು. ಆದರೆ ಒಂದು ದಿನ ತಮಾಷೆ ಬಿಟ್ಟು, “ಕೊಬ್ಬು ಅಂತ ಬಂದ್ರ ಏನು ಮಾಡ್ತೀರಿ?” ಎಂದಳು.

“ಹಂಗ ಬಂದ್ರ ನಾನು ಬರೆದ ಕ್ಷಮಾಪಣೆ ಖರೆ. ನಿದ್ದಿ ಬರ್ತೈತಿ.”

“ವೃಷಣ ಅಂತ ಬಂದ್ರ?”

“ಕಡ್ಡಿರಾಂಪುರದಾಗ ಇಳೀಬೇಕಾಗ್ತೈತಿ.”

ನಾಲ್ಕನೆಯ ವಾರ ಪೂಜಿತಾ ಬಾಟಲಿಯನ್ನೂ ಒಂದು ಹಾಳೆಯನ್ನೂ ತಂದುಕೊಟ್ಟಳು. “ವೃಷಣನೇ ಅಂಕಲ್. ಎಡಗಡೆ ವೃಷಣದೊಳಗೇ ತತ್ತಿ ಬೆಳೆದಾವ; ಬಲಗಡೆ ಪೂರ್ತಿ ಗಂಡು. ನಿಮ್ಮ ಬೆರಳು ಸುಳ್ಳು ಹೇಳಿಲ್ಲ. ಸೋಮವಾರ ಇದನ್ನ ನಮ್ಮ ವಿಭಾಗದ ಸಂಗ್ರಹಕ್ಕೆ ಸೇರಿಸ್ತೀನಿ. ಅಲ್ಲಿತನಕ ಯಾರಿಗೆ ತೋರಿಸಬೇಕೋ ತೋರಿಸಿ ಬರ್ರಿ.” ಬಾಟಲಿಗೆ ಅಂಟಿಸುವ ಲೇಬಲ್ಲನ್ನೂ ಕೊಟ್ಟಳು: ಸ್ಥಳ, ತಾರೀಕು, ಲಿಂಗ, ಮೊದಲು ಗಮನಿಸಿದವರು. “ಇದನ್ನ ತುಂಬಿಸ್ಕೊಂಡು ಬರ್ರಿ.”

ಶನಿವಾರ ಹತ್ತು ಗಂಟೆಯ ಹಂಪಿ ಬಸ್ಸಿನಲ್ಲಿ ಕಂಡಕ್ಟರ್ ಬಂದಾಗ, ಗಾದಿಲಿಂಗ ಮೊದಲ ಬಾರಿಗೆ “ಕಡ್ಡಿರಾಂಪುರ ಒಂದು” ಎಂದ. ಲಂಕೆಗೆ ಹಾರುವ ಮುನ್ನ ಹನುಮಂತನಿಗಾದರೂ ಇಷ್ಟು ಎದೆ ಹೊಡೆದುಕೊಂಡಿರಲಿಕ್ಕಿಲ್ಲ. ಹನುಮಂತನ ಹೆಗಲಲ್ಲಿ ಬಾಟಲಿ ಇರಲಿಲ್ಲವಲ್ಲ.

ಖಾನಾವಳಿ ಚಿಕ್ಕದು, ನಾಲ್ಕು ಟೇಬಲ್ಲು. ಒಲೆಯ ಪಕ್ಕದಲ್ಲಿ ಐವತ್ತರ ಆಸುಪಾಸಿನ ಹೆಂಗಸೊಬ್ಬಳು ಮಿರ್ಚಿ ಭಜ್ಜಿಗೆ ಮೆಣಸಿನಕಾಯಿ ಸೀಳುತ್ತಿದ್ದಳು. ತೊಟ್ಟಿನಿಂದ ತುದಿಯವರೆಗೆ ಒಂದೇ ಗೆರೆ, ಬೀಜದ ಗೊಂಚಲು ಮುರಿಯದೆ ಇಡಿಯಾಗಿ ಈಚೆಗೆ. ಗಾದಿಲಿಂಗ ಹೆಸರು ಕೇಳಲಿಲ್ಲ. ಆ ಕೈಯ ಗುರುತು ಸಾಕಾಯಿತು.

“ಕುಂದ್ರಿ. ಏನು ಕೊಡ್ಲಿ? ಒಗ್ಗರಣಿ, ಮಿರ್ಚಿ ಬಿಸಿ ಅದಾವ,” ಎಂದಳು ಸುಮಂಗಲಾ, ತಲೆ ಎತ್ತದೆ.

ಏನು ಹೇಳಬೇಕೆಂದು ಬಸ್ಸಿನಲ್ಲಿ ಉರುಹೊಡೆದಿದ್ದೆಲ್ಲ ಮರೆತುಹೋಗಿ, ಗಾದಿಲಿಂಗ ಚೀಲದಿಂದ ಬಾಟಲಿ ತೆಗೆದು ಟೇಬಲ್ಲಿನ ಮೇಲಿಟ್ಟ. ಎದುರಿಗೆ ಒಗ್ಗರಣೆ ಮಂಡಕ್ಕಿ ತಿನ್ನುತ್ತಿದ್ದವನು ತೋರಣಗಲ್ಲಿನ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಹಂಪಿ ನೋಡಲು ಹೊರಟವನು, ಕೊರಳಲ್ಲಿ ಇನ್ನೂ ಗುರುತಿನ ಚೀಟಿ. ಅವನು ಚಮಚ ಹಿಡಿದು ಕೈ ಚಾಚಿದ. “ಮಾವಿನಕಾಯಿದೇನ್ರಿ? ಸ್ವಲ್ಪ ಇಕ್ರಿ.”

“ಇದು ಉಪ್ಪಿನಕಾಯಿ ಅಲ್ಲಪ,” ಎಂದ ಗಾದಿಲಿಂಗ. “ಇದು ಸಾಕ್ಷಿ.”

ಆಗ ಸುಮಂಗಲಾ ತಲೆ ಎತ್ತಿದಳು. ಬಾಟಲಿ ನೋಡಿದಳು. ಹೊಟ್ಟೆ ತೆರೆದ ಕಪ್ಪೆ, ಕಪ್ಪು-ಬಿಳಿ ಗೊಂಚಲು. ಚಾಕು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಹತ್ತಿರ ಬಂದಳು.

“ಹದಿನೇಳನೇ ಟ್ರೇ,” ಎಂದಳು.

“ಹೌದ್ರಿ. ನಾನು ಗಾದಿಲಿಂಗ. ಅಟೆಂಡರ್.”

“ಗಾದಿಲಿಂಗಣ್ಣ!” ಅವಳು ಅವನ ಮುಖ ನೋಡಿ ಕಣ್ಣು ಕಿರಿದು ಮಾಡಿದಳು. “ಹಂಪಿ ಬಸ್ಸಿನಾಗ ಎಡಗಡೆ ಸೀಟಿಗೆ ಕೂತು ಬಲಕ್ಕ ಕತ್ತು ತಿರುವೋರು ನೀವೇ ಏನು? ಈ ಮನಶ್ಯಾಗ ಕುತ್ತಿಗಿ ಉಳುಕಿರಬೇಕು ಅಂತ ನಾನೂ ನಮ್ಮ ಯಜಮಾನ್ರೂ ಮಾತಾಡ್ಕೊಂಡಿದ್ವಿ.”

ಗಾದಿಲಿಂಗ ಹಾಳೆ ಚಾಚಿದ. “ಅವತ್ತು ಕಪ್ಪಿ ಗಂಡು ಅಂತ ಮೊದಲು ಬರದಿದ್ದೆ. ಆಮ್ಯಾಲೆ ನೌಕರಿ ಸಲುವಾಗಿ ಹೆಣ್ಣು ಅಂತ ಸಹಿ ಹಾಕಿದೆ. ನಿಮ್ಮ ಸೀಟು ಹೋತು. ಈಗ ಯೂನಿವರ್ಸಿಟಿಯವರು ನೋಡ್ಯಾರ. ಒಳಗ ಎರಡೂ ಅದಾವ. ನೀವು ಬರೆದದ್ದೇ ಖರೆ.”

ಸುಮಂಗಲಾ ಒಳಗೆ ಹೋದಳು. ಗಾದಿಲಿಂಗ ನಿಂತೇ ಇದ್ದ. ಕಾರ್ಖಾನೆಯವನು ಒಗ್ಗರಣೆ ತಿನ್ನುವುದನ್ನು ಮರೆತಿದ್ದ. ಅವಳು ಹಿಟ್ಟಿನ ಡಬ್ಬಿಗಳ ಹಿಂದಿನಿಂದ ಒಂದು ರಟ್ಟಿನ ಪುಸ್ತಕ ತಂದಳು, ಬಿ.ಎಸ್ಸಿ.ಯ ಪ್ರಾಕ್ಟಿಕಲ್ ರೆಕಾರ್ಡು. ಕೊನೆಯ ಪುಟ ತೆರೆದಳು.

“ಪರೀಕ್ಷಾ ಹಾಳಿ ಅವರ ಹತ್ರ ಉಳೀತು. ಅವತ್ತು ಸಂಜಿ ಬಂಡ್ರಿ ಬಸ್ಸಿನಾಗ ಕೂತು ಇದನ್ನ ಮತ್ತ ಬರದೆ. ಮರೀಬಾರ್ದು ಅಂತ.”

ಮಾಸಿದ ಪೆನ್ಸಿಲ್ ಚಿತ್ರ. ಬಸ್ಸು ಕುಲುಕಿದಲ್ಲೆಲ್ಲ ಗೆರೆ ಚೂರು ಡೊಂಕು. ಗಾದಿಲಿಂಗ ಹಾಳೆಯ ಮೇಲಿನ ಮಾತು ನೋಡಿದ, ಚಿತ್ರ ನೋಡಿದ. ಹಾಳೆಯಲ್ಲಿ ತತ್ತಿ ಇದ್ದದ್ದು ಎಡಗಡೆ. ಚಿತ್ರದಲ್ಲಿ ತತ್ತಿ ಇದ್ದದ್ದು ಬಲಗಡೆ.

“ಅಯ್ಯೋ,” ಎಂದ, “ಮತ್ತ ಅದಲಿಬದಲಿ ಆತಲ್ರಿ.”

ಸುಮಂಗಲಾ ಅವನನ್ನೇ ನೋಡಿದಳು. ಆಮೇಲೆ ಎಷ್ಟು ಹೊತ್ತು ನಕ್ಕಳೆಂದರೆ ಒಲೆಯ ಮೇಲಿನ ಎಣ್ಣೆ ಹೊಗೆಯಾಡಿತು. “ಗಾದಿಲಿಂಗಣ್ಣ, ಇಪ್ಪತ್ತೆಂಟು ವರ್ಷ ಕಪ್ಪೀನ ಅಂಗಾತ ಮಲಗಿಸಿ ಮೊಳೆ ಹೊಡದೋರು ನೀವು. ಅಂಗಾತ ಮಲಗಿದ ಕಪ್ಪಿಯ ಎಡ ಯಾವುದು?”

ಬಾಟಲಿಯನ್ನು ಎತ್ತಿ, ಕಪ್ಪೆಯ ಹೊಟ್ಟೆ ಅವನ ಕಡೆ ಬರುವಂತೆ ತಿರುಗಿಸಿ ಹಿಡಿದಳು. ತತ್ತಿಗಳು ಅವನ ಬಲಗಡೆ ಬಂದವು. ಕಪ್ಪೆಗೆ ಅದು ಎಡ. ಚಿತ್ರವೂ ಕಪ್ಪೆಯೂ ಪಕ್ಕಪಕ್ಕದಲ್ಲಿ ಅಣ್ಣತಮ್ಮಂದಿರಂತೆ ನಿಂತವು. ಸುಮಂಗಲಾ ಬೆರಳಿಟ್ಟು ಗೊಂಚಲಿನ ತತ್ತಿ ಎಣಿಸಿದಳು, ಚಿತ್ರದಲ್ಲೂ ಎಣಿಸಿದಳು. ಮೇಲೆ ಕಾಣುವವು ಹನ್ನೆರಡು, ಇಲ್ಲೂ ಹನ್ನೆರಡು. ಎಣಿಸಿ ಮುಗಿಸಿದವಳು ಬೆಂಚಿನ ಮೇಲೆ ಕೂತಳು. ಅಷ್ಟು ಹೊತ್ತು ನಗುತ್ತಿದ್ದವಳ ಕಣ್ಣು ತುಂಬಿತ್ತು. ಬಾಟಲಿಯ ಮುಚ್ಚಳ ಸಡಿಲವಾಗಿದ್ದರಿಂದ ಫಾರ್ಮಲಿನ್ ಮೇಲೆ ತಪ್ಪು ಹಾಕಲು ಅನುಕೂಲವಾಯಿತು.

“ಸೀಟು ಹೋತು ಅಂತ ಸಿಟ್ಟಿರಲಿಲ್ಲ,” ಎಂದಳು ಆಮೇಲೆ. “ಕಾಣದ್ದು ಬರದಾಳ ಅಂದ್ರಲ್ಲ, ಅದು. ಅಕ್ಟೋಬರಿನಾಗ ಕಪ್ಪಿ ನೋಡದಽ ಪುಸ್ತಕದ್ದು ಬರದೆ. ಪಾಸ್ ಮಾಡಿದ್ರು. ಖರೆ ಕಾಣದ್ದು ಬರದಿದ್ದು ಅವತ್ತು.”

“ಈಗ ನಾನು ಏನು ಮಾಡ್ಲಿ ಹೇಳ್ರಿ. ಕಾಲೇಜಿಗೆ ಹೋಗಿ ಹೇಳಂದ್ರ ಹೇಳ್ತೀನಿ.”

“ಕಾಲೇಜು ಬ್ಯಾಡ. ಅವತ್ತಿನ ಪತ್ರ ಇನ್ನೊಮ್ಮೆ ಬರೀರಿ. ಸರಿ ಮಾಡಿ. ಇಲ್ಲಿ.”

ರೆಕಾರ್ಡಿನ ಕೊನೆಯ ಪುಟದಲ್ಲಿ, ಚಿತ್ರದ ಕೆಳಗೆ, ಗಾದಿಲಿಂಗ ನಿಧಾನವಾಗಿ ಬರೆದ: “ಈ ಕಪ್ಪೆಯನ್ನು ಹೆಬ್ಬೆರಳು ನೋಡಿ ಗಂಡು ಎಂದು ಕೊಟ್ಟಿರುತ್ತೇನೆ. ಒಳಗೆ ಎರಡೂ ಇದ್ದವು. ಸುಮಂಗಲಾ ಅವರು ಕಂಡದ್ದನ್ನೇ ಬರೆದಿರುತ್ತಾರೆ. ತಪ್ಪಾಗಿ ಸಹಿ ಹಾಕಿದವನು ನಾನು.” ಸಹಿ ಹಾಕಿ, ತಾರೀಕು ಬರೆದ. ಕಾರ್ಖಾನೆಯವನು ಕೇಳದೆಯೇ ಪೆನ್ನು ತೆಗೆದು, ಸಾಕ್ಷಿ ಎಂದು ಕೆಳಗೆ ತನ್ನದೂ ಒಂದು ಸಹಿ ಜಡಿದ. ಗುರುತಿನ ಚೀಟಿಯ ನಂಬರನ್ನೂ ಬರೆದ.

ಈಗ ಉಳಿದದ್ದು ಲೇಬಲ್ಲು. ಸ್ಥಳ ಕಂಪ್ಲಿ, ತಾರೀಕು ಏಪ್ರಿಲ್ ೧೯೯೬. ‘ಮೊದಲು ಗಮನಿಸಿದವರು’ ಎಂಬಲ್ಲಿ ಗಾದಿಲಿಂಗ ‘ಸುಮಂಗಲಾ, ಬಂಡ್ರಿ’ ಎಂದು ಬರೆದು ಪೆನ್ನನ್ನು ಅವಳ ಕಡೆ ಚಾಚಿದ. “ಲಿಂಗ ಅಂತ ಐತಿ. ಇಲ್ಲಿ ಏನು ಬರೀಬೇಕೋ ನಂಗ ತಿಳೀವಲ್ದು. ಮನ್ಯಾಗ ನಮ್ಮಾಕಿ ಸವತಿ ಅಂತಾಳ, ಮೈದುನ ಅಂತಾಳ.”

ಸುಮಂಗಲಾ ಪೆನ್ನಿನ ತುದಿ ಹಲ್ಲಿಗೆ ಕಚ್ಚಿ ಯೋಚಿಸಿದಳು. “ನಾವು ಮಾತಾಡುವಾಗ ಕಪ್ಪಿ ಬಂದ ಅನ್ನಂಗಿಲ್ಲ, ಬಂದ್ಲು ಅನ್ನಂಗಿಲ್ಲ. ಕಪ್ಪಿ ಬಂತು ಅಂತೀವಿ. ನಮ್ಮ ಭಾಷಾಕ್ಕ ಮೊದಲಽ ಗೊತ್ತಿತ್ತು ನೋಡ್ರಿ, ಪರೀಕ್ಷಕರಿಗೆ ಗೊತ್ತಿರಲಿಲ್ಲ.” ಎಂದು, ದುಂಡಗಿನ ಅಕ್ಷರದಲ್ಲಿ ‘ಅದು’ ಎಂದು ಬರೆದಳು.

ಸೋಮವಾರ ಪೂಜಿತಾ ಆ ಲೇಬಲ್ಲನ್ನು ಹಾಗೇ ಅಂಟಿಸಿದಳಂತೆ. ಇಂಗ್ಲಿಷಿನ ಲೇಬಲ್ಲೊಂದನ್ನು ಪಕ್ಕದಲ್ಲಿ ಅಂಟಿಸಬೇಕಾಯಿತು, ಅದರ ಪಾಡಿಗೆ ಅದು. ಗದ್ದೆಯಲ್ಲಿ ಒಯ್ಯುವ ಹಾಳೆಯಲ್ಲಿ ಈಗ ಮೂರು ಕಾಲಂ: ಗಂಡು, ಹೆಣ್ಣು, ಅದು. ಮಂಗಳವಾರ ಖಾನಾವಳಿಗೆ ರಜೆ; ಅಂದು ಬದುವಿನ ಮೇಲೆ ಮೂರು ಜನ. ಗಾದಿಲಿಂಗ ಬೆರಳು ಸವರಿ ಹೇಳುತ್ತಾನೆ, ಪೂಜಿತಾ ಹತ್ತಿ ಕಡ್ಡಿ ಆಡಿಸುತ್ತಾಳೆ, ಸುಮಂಗಲಾ ಕಂಡದ್ದನ್ನು ಬರೆಯುತ್ತಾಳೆ. ಇಲ್ಲಿಯವರೆಗೆ ಮೂರನೆಯ ಕಾಲಂ ಖಾಲಿ. ಯಾರಿಗೂ ಅವಸರವಿಲ್ಲ.

ಅಂದಹಾಗೆ, ಆ ಶನಿವಾರ ಗಾದಿಲಿಂಗ ಏಳು ಮಿರ್ಚಿ ತಿಂದ. ವಾಪಸ್ಸು ಬರುವಾಗ ಬಸ್ಸಿನಲ್ಲಿ ಖಾನಾವಳಿಯ ಕಡೆಯ ಕಿಟಕಿಗೇ ಕೂತ. ಬಾಳೆತೋಟ ಅವನಿಲ್ಲದೆಯೂ ಚೆನ್ನಾಗಿಯೇ ಬೆಳೆಯುತ್ತಿದೆ.